ಸೋಮವಾರ ಉಂಡ ಅಕ್ಕೋರು

ಹೋದ ತಿಂಗಳು ನನಗೆ ಜ್ವರ ಬಂದು ಬಾಯಿ ಕೆಟ್ಟಿತ್ತು. ಊಟ ಸೇರುತ್ತಿರಲಿಲ್ಲ. ಸೊಸೆ ಔಷಧದ ಅಂಗಡಿಯಿಂದ ಗ್ಲುಕೋಸ್ ಪುಡಿಯ ಡಬ್ಬಿ ತಂದು, ಮುಚ್ಚಳ ತೆಗೆದು, ಒಳಗಿನ ಹಾಳೆ ಹರಿದಳು. ಬಿಳಿ ಧೂಳು ಸಣ್ಣಗೆ ಎದ್ದಿತು. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ಸ್ವಲ್ಪ ಹಿಟ್ಟಿನ ಹಾಗೆ, ಸ್ವಲ್ಪ ದವಾಖಾನೆಯ ಹಾಗೆ. ಒಂದು ಚಿಟಿಕೆ ನಾಲಿಗೆಯ ಮೇಲೆ ಇಟ್ಟುಕೊಂಡೆ. ತಣ್ಣಗೆ ಕರಗಿತು. ಕರಗುವಷ್ಟರಲ್ಲಿ ನಾನು ಮಾಳಮಡ್ಡಿಯ ಹಳೆಯ ವಠಾರದಲ್ಲಿದ್ದೆ. ಎದುರು ಮನೆಯ ಕಟ್ಟೆಯ ಮೇಲೆ ಗಣಿತದ ಅಕ್ಕೋರು ಕಾಲು ಚಾಚಿ ಕೂತು, ಅಂಗೈಯಲ್ಲಿ ಈ ಪುಡಿಯನ್ನೇ ಹಾಕಿಕೊಂಡು, ಬೀದಿಯಲ್ಲಿ ಹೋಗುವವರೆಲ್ಲ ನೋಡಲಿ ಎಂಬಂತೆ ನಿಧಾನವಾಗಿ ನೆಕ್ಕುತ್ತಿದ್ದರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ನಾನೂ ಅವರು ಕಲಿಸುತ್ತಿದ್ದ ಕನ್ಯಾಶಾಲೆಯಲ್ಲಿ ಹೊಸದಾಗಿ ಸೇರಿದ ಕನ್ನಡದ ಅಕ್ಕೋರು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಮತ್ತು ನನ್ನ ಅವ್ವ ಆ ವಠಾರದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆವು. ಎದುರಿಗೆ ಗಣಿತದ ಅಕ್ಕೋರ ಮನೆ. ಅವರು, ಅವರ ಯಜಮಾನರು, ಅತ್ತೆ. ಯಜಮಾನರು ಹುಬ್ಬಳ್ಳಿಯ ಹತ್ತಿ ಗಿರಣಿಯೊಂದರಲ್ಲಿ ಕಾರಕೂನರು. ಬೆಳಿಗ್ಗೆ ರೈಲು ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಬಹಳ ಕಡಿಮೆ ಮಾತಿನ ಮನುಷ್ಯ. ಅತ್ತೆ ಮಾತ್ರ ಹತ್ತಿ ವ್ಯಾಪಾರಿಗಳ ದೊಡ್ಡ ಮನೆಯಿಂದ ಬಂದವರು, ಶಿವಪೂಜೆಯಾಗದೆ ಬಾಯಿಗೆ ನೀರು ಹಾಕದವರು. ಸೋಮವಾರ, ಶಿವರಾತ್ರಿ, ಶ್ರಾವಣ... ಅವರ ವರ್ಷದಲ್ಲಿ ಉಂಡ ದಿನಗಳಷ್ಟೇ ಉಪವಾಸದ ದಿನಗಳೂ ಇದ್ದವೇನೋ ಎಂದು ನನಗೆ ಅನಿಸುತ್ತಿತ್ತು.

ಅಕ್ಕೋರು ಎತ್ತರದ ಹೆಂಗಸು. ದನಿಯೂ ದೊಡ್ಡದು. ಅವರು ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗ ಸುಣ್ಣದ ಕಡ್ಡಿ ಮುರಿಯುವ ಸದ್ದು ಪಕ್ಕದ ವರ್ಗದಲ್ಲಿದ್ದ ನನಗೆ ಕೇಳುತ್ತಿತ್ತು. ತಪ್ಪು ಲೆಕ್ಕಕ್ಕೆ ಹುಡುಗಿಯರನ್ನು ಬಯ್ಯುತ್ತಿರಲಿಲ್ಲ. "ಎಲ್ಲಿ ತಪ್ಪಿತು ಅಂತ ನೀನ ಹುಡುಕು, ನಾ ಕಾಯ್ತೇನಿ," ಎಂದು ಕೈಕಟ್ಟಿ ನಿಂತುಬಿಡುತ್ತಿದ್ದರು. ಹುಡುಗಿ ಅಳುವಂತಾದರೂ ನಿಂತೇ ಇರುತ್ತಿದ್ದರು.

ನಾನು ಆ ವಠಾರಕ್ಕೆ ಬಂದ ಮೊದಲ ವರ್ಷವೇ ಅವರಿಗೆ ಗರ್ಭ ನಿಂತಿತು. ಕೆಲವೇ ತಿಂಗಳಿಗೆ ಹೊಟ್ಟೆನೋವು ಶುರುವಾಯಿತು. ಬಸುರಿನ ಸಂಕಟವೆಂದು ಎಲ್ಲರೂ ಅಂದರು. ಆದರೆ ಅದು ಅಂಥ ನೋವಲ್ಲ. ಬೇನೆ ಹೊಟ್ಟೆಯಿಂದ ಬೆನ್ನಿಗೆ ಹೋಗುತ್ತಿತ್ತು, ವಾಂತಿ ನಿಲ್ಲುತ್ತಿರಲಿಲ್ಲ, ಎದೆ ಡವಗುಟ್ಟುತ್ತಿತ್ತು. ಆಮೇಲೆ ಇಲ್ಲದ ಮಂದಿಯ ಜೊತೆ ಮಾತಾಡತೊಡಗಿದರು. ಗೋಡೆಯ ಮೂಲೆಯಲ್ಲಿ ತಮ್ಮ ತೀರಿಹೋದ ಅವ್ವ ನಿಂತಿದ್ದಾಳೆ ಎನ್ನುತ್ತಿದ್ದರು. ಅತ್ತೆ ಗಾಳಿ ಸೋಂಕಿದೆಯೆಂದು ಯಾರನ್ನೋ ಕರೆಸಿ ಲೋಬಾನದ ಹೊಗೆ ಹಾಕಿಸಿದರು, ತೋಳಿಗೆ ತಾಯತ ಕಟ್ಟಿಸಿದರು, ನೋವು ಇಳಿಯುವ ತನಕ ಅನ್ನ ಮುಟ್ಟಿಸಬಾರದೆಂದು ಲಂಘನ ಹಾಕಿದರು. ಕೂಸು ಉಳಿಯಲಿಲ್ಲ. ಅಕ್ಕೋರು ಉಳಿದದ್ದೇ ಹೆಚ್ಚು.

ಆಗಲೇ ನನಗೆ ಅವರ ತವರಿನ ಕಥೆ ತಿಳಿದದ್ದು. ಅವರ ಅವ್ವ ಹೀಗೆಯೇ ಬಸುರಿಯಾಗಿದ್ದಾಗ ನರಳಿ ನರಳಿ ಸತ್ತಿದ್ದರು. ಹಿರಿಯ ಅಕ್ಕನೂ ಹಾಗೆಯೇ. ಆ ಮನೆಯ ಹೆಣ್ಣುಮಕ್ಕಳು ಬಸುರಾದರೆ ಬದುಕುವುದಿಲ್ಲ, ಅದು ಯಾರದೋ ಶಾಪ ಎಂದು ಊರೆಲ್ಲ ನಂಬಿತ್ತು. ಈ ಮಾತನ್ನು ಮುಚ್ಚಿಟ್ಟು ಮದುವೆ ಮಾಡಿದರೆಂದು ಅತ್ತೆಗೆ ಸಿಟ್ಟು. ನವಲಗುಂದದ ಕಡೆಯ ಒಂದು ಹುಡುಗಿಯನ್ನು ಮಗನಿಗೆ ನೋಡಿಯೂ ಬಂದರು. ಮಗ ಉಣ್ಣುತ್ತಿದ್ದ ತಾಟಿನಿಂದ ತಲೆ ಎತ್ತದೆ, "ನನಗ ಒಂದ ಮದುವಿ ಸಾಕವ್ವ," ಎಂದರಂತೆ. ಅಷ್ಟೇ. ಆ ವಿಷಯ ಅಲ್ಲಿಗೆ ನಿಂತಿತು, ಅತ್ತೆಯ ಮುನಿಸು ನಿಲ್ಲಲಿಲ್ಲ.

ಕೆಲವು ವರ್ಷಗಳ ನಂತರ ಮತ್ತೊಮ್ಮೆ ನೋವು ಬಂತು. ಈ ಸಲ ಬಸುರು ಇರಲಿಲ್ಲ. ಯಜಮಾನರು ಯಾರನ್ನೂ ಕೇಳದೆ ಹೆಂಡತಿಯನ್ನು ಹುಬ್ಬಳ್ಳಿಯ ಒಂದು ದವಾಖಾನೆಗೆ ಕರೆದೊಯ್ದರು. ಅಲ್ಲಿ ಪರದೇಶದಲ್ಲಿ ಓದಿ ಬಂದ ಡಾಕ್ಟರೊಬ್ಬರಿದ್ದರು. ಅವರು ನೋವಿನ ಬಗ್ಗೆ ಕೇಳಿದ್ದಕ್ಕಿಂತ ಅವ್ವನ ಬಗ್ಗೆ, ಅಕ್ಕನ ಬಗ್ಗೆ ಹೆಚ್ಚು ಕೇಳಿದರಂತೆ. ಆಮೇಲೆ ಅಕ್ಕೋರ ಮೂತ್ರವನ್ನು ಗಾಜಿನ ಬಾಟಲಿಯಲ್ಲಿ ತುಂಬಿಸಿ ಕಿಟಕಿಯ ಬಿಸಿಲಿಗೆ ಇಡಿಸಿದರು. ಹೊತ್ತು ಏರಿದಂತೆ ಅದು ಕೆಂಪಗಾಗಿ, ಕೊನೆಗೆ ಹಳೆಯ ಕಾಕಂಬಿಯ ಕಪ್ಪು ಬಣ್ಣಕ್ಕೆ ತಿರುಗಿತು. ಆ ರೋಗಕ್ಕೆ ಪೊರ್ಫಿರಿಯಾ ಎಂದು ಹೆಸರು. ಲಕ್ಷಾಂತರ ಮಂದಿಯಲ್ಲಿ ಎಲ್ಲೋ ಕೆಲವರಿಗೆ ಇರುವಂಥದ್ದು. ರಕ್ತಕ್ಕೆ ಬಣ್ಣ ಕೊಡುವ ವಸ್ತುವನ್ನು ಮೈ ತಯಾರಿಸುವಾಗ ನಡುವೆ ಒಂದು ಕಡೆ ಕೆಲಸ ಕುಂಟುತ್ತದೆ, ಅರೆಬೆಂದ ಸಾಮಾನು ಮೈಯಲ್ಲಿ ಉಳಿದು ನರಗಳನ್ನು ಕಾಡುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರಂತೆ. ಅದು ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಇಳಿಯುತ್ತದೆ. ಉಪವಾಸ ಮಾಡಿದರೆ ಕೆರಳುತ್ತದೆ, ಕೆಲವು ಗುಳಿಗೆಗಳಿಗೆ ಕೆರಳುತ್ತದೆ, ನಿದ್ದೆಯ ಔಷಧಕ್ಕಂತೂ ಜೀವವನ್ನೇ ತೆಗೆಯಬಹುದು. ಬಸುರಿಗೂ ಕೆರಳಬಹುದು.

ಅಲ್ಲಿಂದ ಬಂದ ದಿನ ಅಕ್ಕೋರು ನೇರ ನಮ್ಮ ಖೋಲಿಗೆ ಬಂದರು. ಅಷ್ಟು ಖುಷಿಯಾಗಿ ನಾನು ಅವರನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

"ತಂಗಿ, ನಮ್ಮವ್ವಗ ದೆವ್ವ ಬಡದಿತ್ತು ಅಂತ ಊರೆಲ್ಲ ಅಂತಿತ್ತು. ನಾನೂ ಒಳಗೊಳಗ ನಂಬಿದ್ದೆ. ದೆವ್ವ ಅಲ್ಲ ಅದು. ಬಾಟಲ್ಯಾಗಿತ್ತು. ನಾ ಕಣ್ಣಿಲೆ ನೋಡಿ ಬಂದೇನಿ."

"ಡಾಕ್ಟರು ಮುಂದ ಏನ ಅಂದ್ರು?" ಎಂದು ಕೇಳಿದೆ.

"ಮಕ್ಕಳ ಆಸೆ ಬಿಡ್ರಿ ಅಂದ್ರು. ಆಗೂದಿಲ್ಲೋ, ಆಗಬಾರದೋ, ಎರಡರಾಗ ಯಾವುದು ಹೇಳ್ರಿ ಅಂದೆ. ಆಗೂದಿಲ್ಲ ಅಂದ್ರ ಅದು ಅವರ ಲೆಕ್ಕ. ಆಗಬಾರದು ಅಂದ್ರ ಅದು ನನ್ನ ಲೆಕ್ಕ."

ಇದನ್ನು ಹಟ ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ವಂಶಕ್ಕಾಗಿ, ಅತ್ತೆಯ ಬಾಯಿ ಮುಚ್ಚಿಸಲು, ಗಂಡನನ್ನು ಉಳಿಸಿಕೊಳ್ಳಲು ಆಕೆ ಹೀಗೆ ಮಾಡಿದಳೆಂದು ಶಾಲೆಯ ಕೆಲವರು ಅಂದಾಗ ನಾನು ಜಗಳವಾಡಿದ್ದೇನೆ. ಅಕ್ಕೋರಿಗೆ ಕೂಸು ಬೇಕಾಗಿತ್ತು. ಅಷ್ಟೇ. ಬೇರೆ ಹೆಂಗಸರಿಗೆ ಬೇಕಾಗುವ ಹಾಗೆಯೇ. ಆ ಬೇಕು ಎನ್ನುವುದಕ್ಕೆ ಉಳಿದವರನ್ನು ಯಾರೂ ಕಾರಣ ಕೇಳುತ್ತಿರಲಿಲ್ಲ, ಅವರನ್ನು ಮಾತ್ರ ಕೇಳುತ್ತಿದ್ದರು.

ಅರವತ್ತೈದರ ಬೇಸಿಗೆಯಲ್ಲಿ ಅವರಿಗೆ ಮತ್ತೆ ಗರ್ಭ ನಿಂತಿತು. ಹುಬ್ಬಳ್ಳಿಯ ಡಾಕ್ಟರು ಮೊದಲು ತಲೆ ಹಿಡಿದುಕೊಂಡರು, ಆಮೇಲೆ, "ಆತು, ಹಂಗಾದ್ರ ಇಬ್ಬರೂ ಕೂಡಿ ನೋಡೋಣ. ಹೊಟ್ಟಿ ಖಾಲಿ ಬಿಡಬ್ಯಾಡ್ರಿ," ಎಂದರಂತೆ. ಅಂದಿನಿಂದ ಅಕ್ಕೋರ ಮನೆಯಲ್ಲಿ ಗ್ಲುಕೋಸ್ ಪುಡಿಯ ಡಬ್ಬಿ, ಸೊಂಟದ ಸಂಚಿಯಲ್ಲಿ ಹುರಿದ ಪುಟಾಣಿ ಕಡಲೆ, ಬೆಲ್ಲ ಯಾವಾಗಲೂ ಇರುತ್ತಿತ್ತು. ವರ್ಗದಲ್ಲಿ ಲೆಕ್ಕ ಕೊಟ್ಟು ಹುಡುಗಿಯರು ಬರೆಯುತ್ತಿರುವಾಗ ಅವರು ಬೆಲ್ಲ ಕಡಿಯುತ್ತಿದ್ದರು.

ಶ್ರಾವಣ ಬಂತು. ಅತ್ತೆಯ ಸೋಮವಾರಗಳು. ಆ ಮನೆಯಲ್ಲಿ ಅಂದು ಒಲೆ ಹೊತ್ತುತ್ತಿದ್ದುದೇ ಸಂಜೆಗೆ. ಮೊದಲ ಸೋಮವಾರ ಅಕ್ಕೋರು ಬೆಳಿಗ್ಗೆ ತಾವೇ ಒಲೆ ಹಚ್ಚಿ, ರೊಟ್ಟಿ ಬಡಿದು, ಬೆಲ್ಲ ತುಪ್ಪ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತು ಉಂಡರು. ಒಳಗೆ ಕೂತು ಉಣ್ಣಬಹುದಿತ್ತಲ್ಲ ಎಂದು ನನ್ನ ಅವ್ವ ಮೆಲ್ಲಗೆ ಕೇಳಿದಳು.

"ಒಳಗ ಕುಂತು ಉಂಡ್ರ ಕದ್ದು ಉಂಡಂಗಾಕ್ಕೈತಿ ಎವ್ವಾ. ನಾ ಏನು ಕದ್ದೇನಿ?"

ವಠಾರ ಮಾತಾಡಿಕೊಂಡಿತು. ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಅವರು ಪೂಜೆಯ ಕೋಣೆಯಿಂದ ಬರುವಾಗ ಸೊಸೆಯ ಕಡೆ ನೋಡದೆ ಗೋಡೆ ಹಿಡಿದು ದಾಟುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಯುದ್ಧ ಬಂತು, ಧಾನ್ಯದ ಅಭಾವ ಬಂತು. ದೇಶದವರೆಲ್ಲ ಸೋಮವಾರ ರಾತ್ರಿಯ ಊಟ ಬಿಡಬೇಕೆಂದು ಪ್ರಧಾನಮಂತ್ರಿಗಳ ಕರೆ ಬಂತು. ಆ ದಿನಗಳ ಹುರುಪನ್ನು ಈಗಿನವರಿಗೆ ಹೇಳುವುದು ಕಷ್ಟ. ನಾವು ಮನಸ್ಸಿನಿಂದ ಬಿಟ್ಟೆವು. ಖಾನಾವಳಿಗಳು ಸೋಮವಾರ ಸಂಜೆ ಬಾಗಿಲು ಹಾಕುತ್ತಿದ್ದವು. ನಮ್ಮ ಶಾಲೆಯಲ್ಲಿ ಮುಖ್ಯಾಧ್ಯಾಪಕಿ, ನಾವೆಲ್ಲ ಬಾಯಿಯವರು ಎನ್ನುತ್ತಿದ್ದವರು, ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ, ಪ್ರತಿಜ್ಞೆ ಹೇಳಿಸಿದರು. ಚಾಚಿದ ಕೈಗಳ ಸಾಲಿನಲ್ಲಿ ಒಂದು ಕೈ ಕೆಳಗೇ ಇತ್ತು.

"ನೀವ್ಯಾಕ ಕೈ ಮಾಡಲಿಲ್ಲ?" ಎಂದು ಬಾಯಿಯವರು ಎಲ್ಲರೆದುರಿಗೇ ಕೇಳಿದರು.

"ಮಾಡಲಾರದ್ದನ್ನ ಮಾಡ್ತೇನಿ ಅಂತ ಹ್ಯಾಂಗ ಹೇಳಲಿರಿ? ನಾ ಉಪವಾಸ ಇರೂದಿಲ್ಲ."

"ದೇಶಕ್ಕಿಂತ ನಿಮ್ಮ ಹೊಟ್ಟಿ ದೊಡ್ಡದೇನ್ರಿ?"

ಅಕ್ಕೋರು ಸೆರಗು ಸರಿಮಾಡಿಕೊಂಡು, ತುಂಬುತ್ತಿದ್ದ ಹೊಟ್ಟೆಯ ಮೇಲೆ ಕೈ ಇಟ್ಟರು. "ಸದ್ಯ ಖರೇನ ದೊಡ್ಡದಾಗಾಕತ್ತೈತ್ರಿ ಬಾಯಾರ."

ಹಿಂದಿನ ಸಾಲಿನ ಹುಡುಗಿಯರು ನಕ್ಕುಬಿಟ್ಟರು. ಬಾಯಿಯವರ ಮುಖ ಕಪ್ಪಿಟ್ಟಿತು. ಕೆಟ್ಟ ಹೆಂಗಸಲ್ಲ ಅವರು. ಅವರ ತಮ್ಮ ಸೈನ್ಯದಲ್ಲಿದ್ದ. ಅಂದು ಮಧ್ಯಾಹ್ನ ಅಕ್ಕೋರು ತಾವಾಗಿಯೇ ಅವರ ಕೋಣೆಗೆ ಹೋಗಿ ರೋಗದ ಸಂಗತಿ ಹೇಳಿದರು. ಬಾಯಿಯವರು ನಂಬಿದರೋ ಇಲ್ಲವೋ... ಇಷ್ಟು ಮಾತ್ರ ಗೊತ್ತು, ದೊಡ್ಡ ಹುಡುಗಿಯರ ಗಣಿತವನ್ನು ಅವರಿಂದ ತೆಗೆದು ಸಣ್ಣ ವರ್ಗಗಳಿಗೆ ಹಾಕಿದರು. ಅಕ್ಕೋರು ಮರುದಿನ ಎರಡನೆಯ ಇಯತ್ತೆಯ ಕೂಸುಗಳಿಗೆ ಹುಣಸೆಬೀಜ ಎಣಿಸುವುದನ್ನು ಕಲಿಸುತ್ತ, ಮೊದಲಿನಷ್ಟೇ ದೊಡ್ಡ ದನಿಯಲ್ಲಿ ಎಣಿಸುತ್ತ, ನಡುನಡುವೆ ಬೆಲ್ಲ ಕಡಿಯುತ್ತ ಇದ್ದರು.

ದೀಪಾವಳಿಯ ಸುಮಾರಿಗೆ ಮತ್ತೆ ಸಣ್ಣಗೆ ಹೊಟ್ಟೆನೋವು ಕಾಣಿಸಿತು. ಆ ದಿನ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಅಕ್ಕೋರು ಒಂದು ಗಾಜಿನ ಬಾಟಲಿಯನ್ನು ಅಂಗಳದ ಗೋಡೆಯ ಮೇಲೆ ಬಿಸಿಲಿಗೆ ಇಟ್ಟರು. ಗೋಡೆಗೆ ಒರಗಿ ನಿಂತು ಒಳಗೆ ಕೂಗಿದರು, "ಅತ್ತಿ, ಇಲ್ಲಿ ಬರ್ರಿ. ನನ್ನ ಕೂಡ ಮಾತಾಡೂದು ಬ್ಯಾಡ. ಬರೇ ನೋಡ್ರಿ."

ಅತ್ತೆ ಬಂದರು. ಅದೇನೆಂದು ತಿಳಿದಾಗ ಅಸಹ್ಯದಿಂದ ಮೂಗಿಗೆ ಸೆರಗು ಹಿಡಿದರು. ಆದರೂ ಹೋಗಲಿಲ್ಲ. ಇಬ್ಬರೂ ದೂರ ದೂರ ಕೂತು, ಆ ಬಾಟಲಿಯನ್ನು ನೋಡುತ್ತಿದ್ದರು. ಬಿಸಿಲು ಗೋಡೆಯ ಮೇಲಿಂದ ಸರಿದು ತುಳಸಿಕಟ್ಟೆಯ ತನಕ ಹೋಯಿತು. ತಿಳಿ ಬಣ್ಣ ಕೆಂಪಾಯಿತು, ಕೆಂಪು ಕಪ್ಪಾಯಿತು.

"ಇದು ನಮ್ಮವ್ವನ ಮೈಯಾಗಿತ್ತು, ನಮ್ಮಕ್ಕನ ಮೈಯಾಗಿತ್ತು," ಎಂದರು ಅಕ್ಕೋರು. "ಹಸಿವಿ ಕಂಡ್ರ ಇದು ಏಳತೈತಿ. ಶಾಪ ಅಂದ್ರ ಇಷ್ಟ ನೋಡ್ರಿ."

ಅತ್ತೆ ಎದ್ದು ಒಳಗೆ ಹೋದರು. ಮುಂದಿನ ಸೋಮವಾರ ಬೆಳಿಗ್ಗೆ ನಾನು ಹಲ್ಲು ಉಜ್ಜುತ್ತ ಹೊರಗೆ ನಿಂತಿದ್ದಾಗ, ಹಣೆಯ ತುಂಬ ವಿಭೂತಿ ಹಚ್ಚಿದ್ದ ಆ ಹೆಂಗಸು, ಇನ್ನೂ ಬಾಯಿಗೆ ನೀರು ಹಾಕದಿದ್ದವರು, ಬಿಸಿ ಅನ್ನ ಬೆಲ್ಲದ ತಾಟನ್ನು ತಂದು ಸೊಸೆಯ ಮುಂದೆ ಕಟ್ಟೆಯ ಮೇಲೆ ಕುಕ್ಕಿದರು. ಕುಕ್ಕಿದ್ದು ಸಿಟ್ಟಿನಿಂದಲೇ. ಆದರೆ ತುಪ್ಪ ಹಾಕಿದ್ದರು.

ಹೆರಿಗೆ ತಿಂಗಳು ತುಂಬುವ ಮೊದಲೇ ಶುರುವಾಯಿತು. ಹುಬ್ಬಳ್ಳಿಗೆ ಹೋಗಬೇಕೆಂದು ಗೊತ್ತುಮಾಡಿದ್ದೆಲ್ಲ ಹಾಗೇ ಉಳಿಯಿತು. ಯಜಮಾನರು ಗಿರಣಿಯಲ್ಲಿದ್ದರು. ಶಾಲೆಯಿಂದಲೇ ಟಾಂಗಾದಲ್ಲಿ ಕೂರಿಸಿಕೊಂಡು ನಾನು ಊರೊಳಗಿನ ಒಂದು ಹೆರಿಗೆ ದವಾಖಾನೆಗೆ ಕರೆದೊಯ್ದೆ. ಸುದ್ದಿ ತಿಳಿದು ಹಿಂದೆಯೇ ಅತ್ತೆ ಬಂದರು. ಮಧ್ಯಾಹ್ನದ ಹೊತ್ತಿಗೆ ಹೆರಿಗೆನೋವಿನ ಜೊತೆಗೆ ಆ ಇನ್ನೊಂದು ನೋವೂ ಕೂಡಿಕೊಂಡಿತು. ನಾನು ಅದನ್ನು ಮೊದಲು ನೋಡಿದ್ದೆನಲ್ಲ, ಗುರುತಾಯಿತು. ಅಕ್ಕೋರ ಕಣ್ಣು ಎಲ್ಲಿಯೋ ನೆಟ್ಟಿತು. ಗಾಳಿಯಲ್ಲಿ ಬೆರಳಿಂದ ಭಾಗಾಕಾರದ ಲೆಕ್ಕ ಬರೆಯತೊಡಗಿದರು. ಕೈ ಬೀಸಿ ಬೀಸಿ ಅಳಿಸುವರು, ಮತ್ತೆ ಬರೆಯುವರು.

ನರ್ಸಬಾಯಿ ಹೊರಗೆ ಹೋಗಿ ಪಾಳಿಯ ಡಾಕ್ಟರಿಗೆ ಹೇಳಿ ಬಂದಳು. ಬಂದಾಗ ಕೈಯಲ್ಲಿ ಸೂಜಿ ಇತ್ತು. ಹಾಯಾಗಿ ನಿದ್ದೆ ಬರುತ್ತದೆ, ಆಮೇಲೆ ಹೆರಿಗೆ ಸರಳವಾಗುತ್ತದೆ ಎಂದಳು.

ಇಂಥದ್ದೊಂದು ಗಳಿಗೆ ಬರುತ್ತದೆಂದು ಅಕ್ಕೋರು ನನಗೆ ಮೊದಲೇ ಹೇಳಿದ್ದರು. "ನನಗ ಆವಾಗ ಖಬರ ಇರೂದಿಲ್ಲ. ನಾನ ಕೈ ಚಾಚಿ ಚುಚ್ರಿ ಅಂದ್ರೂ ನೀ ಬಿಡಬ್ಯಾಡ," ಎಂದಿದ್ದರು. ನಾನು ಮಂಚದ ಮುಂದೆ ಹೋಗಿ ನಿಂತೆ.

"ಆ ಔಷಧ ಇವರಿಗೆ ಆಗೂದಿಲ್ಲರಿ. ಜೀವಕ್ಕ ಅಪಾಯ ಐತಿ."

ಡಾಕ್ಟರೇ ಬಂದರು. ನೀವು ಯಾರು, ಡಾಕ್ಟರಕಿ ಓದಿದ್ದೀರೇನು ಎಂದು ಕೇಳಿದರು. ನಾನು ರೋಗದ ಹೆಸರು ಹೇಳಿದೆ. ಅವರು ಅದನ್ನು ಪುಸ್ತಕದಲ್ಲಿ ಎಂದೋ ಓದಿದ್ದಿರಬೇಕು, ಒಂದು ಕ್ಷಣ ತಡೆದರು. ಆದರೆ ಒಬ್ಬ ಕನ್ನಡ ಶಾಲೆಯ ಮಾಸ್ತರಿಣಿಯ ಬಾಯಲ್ಲಿ ಕೇಳಿ ನಂಬಲಾಗಲಿಲ್ಲ. ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಹಚ್ಚಿ ಕೇಳಿರೆಂದು ಬೇಡಿಕೊಂಡೆ. ಮೊದಲು ಪೇಶಂಟು ಸಮಾಧಾನವಾಗಲಿ, ಆಮೇಲೆ ಫೋನು ಎಂದು ಅವರು ನರ್ಸಿಗೆ ಕಣ್ಣಲ್ಲೇ ಸನ್ನೆ ಮಾಡಿದರು.

ಆಗ ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದರು. ಎದ್ದು ಬಂದು ಮಂಚದ ಮೇಲೆ ಏರಿ ಕೂತು, ಸೊಸೆಯ ಎರಡೂ ತೋಳುಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಮೇಲೆ ಸೆರಗು ಹೊದಿಸಿ, ಬಾಗಿ ಮುಚ್ಚಿಕೊಂಡರು.

"ಮೊದಲ ನನಗ ಚುಚ್ಚು. ಆಮ್ಯಾಲ ಆಕಿಗೆ," ಎಂದರು. ದನಿ ಏರಿಸಲಿಲ್ಲ.

ಅವರನ್ನು ಎಬ್ಬಿಸುವುದು ಯಾರಿಂದಲೂ ಆಗಲಿಲ್ಲ. ಡಾಕ್ಟರು ಗೊಣಗುತ್ತ ಫೋನಿಗೆ ಹೋದರು. ತಿರುಗಿ ಬಂದಾಗ ಅವರ ಮುಖ ಬೇರೆಯಾಗಿತ್ತು. ಆ ಸೂಜಿಯನ್ನು ತೆಗೆದಿಡಲು ಹೇಳಿ, ನರಕ್ಕೆ ಗ್ಲುಕೋಸ್ ಹಚ್ಚಿಸಿ, ಬೇರೆ ಔಷಧ ಬರೆದರು. ಎಲ್ಲ ಮುಗಿಯುವ ತನಕ ತಾವೇ ಅಲ್ಲಿಂದ ಕದಲಲಿಲ್ಲ, ಅದನ್ನೂ ಹೇಳಬೇಕು. ಸಂಜೆಯ ಬಿಸಿಲು ಇನ್ನೂ ಇತ್ತು, ಹೆಣ್ಣು ಕೂಸು ಹುಟ್ಟಿತು. ಸಣ್ಣದು, ಸುಕ್ಕು ಸುಕ್ಕು, ಆದರೆ ದನಿ ಮಾತ್ರ ಅವ್ವನದೇ.

ಅಕ್ಕೋರ ನರಗಳು ಪೆಟ್ಟು ತಿಂದಿದ್ದವು. ಮುಂಗೈ ಜೋತುಬಿದ್ದಿತ್ತು, ಪಾದ ಎತ್ತಲು ಬರುತ್ತಿರಲಿಲ್ಲ. ಎಷ್ಟೋ ತಿಂಗಳು ಅತ್ತೆಯೇ ಕೂಸನ್ನು ಎದೆಗೆ ಹಿಡಿಸುತ್ತಿದ್ದರು. ಮುಂದೆ ಕೋಲು ಹಿಡಿದು ನಡೆಯುವಷ್ಟಾದಾಗ ಅಕ್ಕೋರು ಟಾಂಗಾ ಬೇಡವೆಂದು ನಡೆದೇ ಶಾಲೆಗೆ ಬಂದರು. ದಾರಿಯಲ್ಲಿ ಬಿದ್ದರು. ಮಂದಿ ಸುತ್ತ ನಿಂತು ಅಯ್ಯೋ ಎನ್ನುತ್ತಿದ್ದರೆ, ಕೋಲು ಹುಡುಕಿಕೊಂಡು ಎದ್ದು, "ನೋಡಿ ಆತಲ್ಲ, ಇನ್ನ ನಿಮ್ಮ ನಿಮ್ಮ ಕೆಲಸಕ್ಕ ಹೋಗ್ರಿ," ಎಂದರು. ಆ ವರ್ಷ ಬಾಯಿಯವರು ದೊಡ್ಡ ಹುಡುಗಿಯರ ಗಣಿತವನ್ನು ಅವರಿಗೆ ತಿರುಗಿ ಕೊಟ್ಟರು.

ಮಗಳಿಗೆ ನಾಲ್ಕು ವರ್ಷ ತುಂಬುವುದನ್ನೂ ಅವರು ನೋಡಲಿಲ್ಲ. ಅರವತ್ತರ ದಶಕ ಮುಗಿಯುವ ಮಳೆಗಾಲದಲ್ಲಿ ವಿಷಮಜ್ವರ ಬಂತು. ತಿಂದದ್ದು ನಿಲ್ಲಲಿಲ್ಲ, ಆ ನೋವು ಎದ್ದಿತು, ಈ ಸಲ ಕೈಕಾಲಿಗೆ ನಿಲ್ಲದೆ ಎದೆಗೆ ಏರಿತು. ಹುಬ್ಬಳ್ಳಿಯ ಡಾಕ್ಟರು ತಮ್ಮಿಂದ ಆಗುವುದನ್ನೆಲ್ಲ ಮಾಡಿದರು. ನಾನು ಕೊನೆಯ ಸಲ ನೋಡಿದಾಗ ಉಸಿರು ಎಳೆಯುವುದಕ್ಕೇ ಅವರ ಶಕ್ತಿಯೆಲ್ಲ ಹೋಗುತ್ತಿತ್ತು. ಮಗಳು ಉಂಡಳೇ ಎಂದು ಕೇಳಿದರು. ಹೌದೆಂದೆ. ಆಮೇಲೆ...

ಮಣ್ಣು ಮಾಡಿ ಬಂದ ದಿನ, ಜಗುಲಿಯ ಮೇಲೆ ಕೂತ ಬೀಗರಲ್ಲಿ ಯಾರೋ ಒಬ್ಬರು, ಈ ಕೂಸೇ ಅವ್ವನನ್ನು ತಿಂದುಕೊಂಡಿತು ಎಂದರು. ಅತ್ತೆ ಅಳು ನಿಲ್ಲಿಸಿದರು. "ಆಕಿನ್ನ ಒಯ್ದದ್ದು ಜ್ವರ. ಕೂಸಿನ ಹೆಸರ ತಗೊಂಡವರು ಎದ್ದು ನಡೀರಿ," ಎಂದರು. ಅಂದವರು ಖರೇನೇ ಎದ್ದು ಹೋಗಬೇಕಾಯಿತು.

ಮುಂದಿನ ಶಿವರಾತ್ರಿಯಂದು ಆ ಮುದುಕಿ ತಾವು ನಿರಾಹಾರವಿದ್ದು, ಮೊಮ್ಮಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಬೀದಿಯಲ್ಲಿ ಗುಡಿಗೆ ಹೋಗಿಬರುವವರ ಕಣ್ಣೆದುರಿಗೆ ಅನ್ನ ಬೆಲ್ಲ ಕಲಸಿ ತುತ್ತು ಇಡುತ್ತಿದ್ದರು. ಇವತ್ತು ಹಬ್ಬವಲ್ಲವೇ ಎಂದು ಯಾರಾದರೂ ಕೇಳಿದರೆ ಮತ್ತೊಂದು ತುತ್ತು ಕಲಸುತ್ತಿದ್ದರು.

ಅವರೂ ಹೋದರು, ಯಜಮಾನರೂ ಹೋದರು. ವಠಾರ ಕೆಡವಿ ಬೇರೆ ಕಟ್ಟಡ ಕಟ್ಟಿದ್ದಾರೆ. ಮಗಳಿಗೂ ಆ ರೋಗ ಇಳಿದಿದೆಯೆಂದು ದೊಡ್ಡವಳಾದ ಮೇಲೆ ಪರೀಕ್ಷೆಯಲ್ಲಿ ತಿಳಿಯಿತು. ತಿಳಿದೇ ಎರಡು ಹೆತ್ತಳು. ತಿಳಿದ ಡಾಕ್ಟರರ ಕೈಯಲ್ಲಿ, ಹೊಟ್ಟೆ ತುಂಬ ಉಂಡು, ಅವ್ವ ಪಟ್ಟ ಕಷ್ಟದ ಕಾಲು ಭಾಗವೂ ಇಲ್ಲದೆ. ಅಕ್ಕೋರು ಆ ಕೂಸಿಗಾಗಿ ಜೀವ ತೇಯಬಾರದಿತ್ತು ಎಂದು ಈಗಲೂ ನನ್ನೆದುರಿಗೆ ಅನ್ನುವವರುಂಟು. ಅಂಥವರಿಗೆ ನಾನು ಚಹಾ ಕೊಡುವುದಿಲ್ಲ.

ನನಗೆ ಜ್ವರವೆಂದು ಕೇಳಿ ಅಕ್ಕೋರ ಆ ಮಗಳು ಸತ್ತೂರಿನಿಂದ ನೋಡಲು ಬಂದಿದ್ದಳು. ಈಗ ಅರವತ್ತರ ಹತ್ತಿರ. ತಲೆ ಪೂರ್ತಿ ಬೆಳ್ಳಗಾಗಿದೆ, ಬಣ್ಣ ಹಚ್ಚುವುದಿಲ್ಲ. ಅದೇ ಎತ್ತರ, ಅದೇ ದನಿ. ಕಿಟಕಿಯ ಪಕ್ಕದ ಖುರ್ಚಿಯಲ್ಲಿ ಕೂತು ಮೊಮ್ಮಗನ ತಂಟೆಗಳನ್ನು ಹೇಳುತ್ತಿದ್ದಳು. ನಾನು ಮಾತು ಕೇಳುವುದನ್ನು ಬಿಟ್ಟು ಆ ಬಿಳಿ ಕೂದಲನ್ನು, ಕಣ್ಣಿನ ಸುತ್ತಲಿನ ಸುಕ್ಕನ್ನು ನೋಡುತ್ತಿದ್ದೆ. ಅಕ್ಕೋರು ಹೋದಾಗ ಅವರ ತಲೆಯಲ್ಲಿ ಒಂದೂ ಬಿಳಿ ಕೂದಲು ಇರಲಿಲ್ಲ.

"ಏನ ಹಂಗ ನೋಡಾಕತ್ತೀರಿ ಮೌಶಿ?" ಎಂದಳು.

"ಏನಿಲ್ಲ," ಎಂದೆ. "ಇನ್ನ ಸ್ವಲ್ಪ ಹೊತ್ತು ಕುಂದರು. ಉಂಡು ಹೋಗುವಂತಿ."